ಪಂಪಮ್ಮನ ಹಂಪಿ, ನಾಗಲಮ್ಮನ ಹೊಸಪೇಟೆ



ಈ ಸಲದ ಅಂಚೆಯಲ್ಲಿ ಕಂಪ್ಲಿಯಿಂದ ಒಬ್ಬ ಸೋದರಿಯ ಕಾಗದ ಬಂದಿದೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಅವರು ಬರೆದಿರುವುದು ಇಷ್ಟು:

“ಅಕ್ಕಾ, ನನ್ನ ಮಗಳಿಗೆ ಶಾಲೆಯಲ್ಲಿ ‘ನಮ್ಮ ಜಿಲ್ಲೆಯ ಐತಿಹಾಸಿಕ ಸ್ಥಳಗಳು’ ಅಂತ ಪ್ರಬಂಧ ಬರೆಯಲು ಹೇಳಿದ್ದಾರೆ. ಅವಳು ಹಂಪಿಯಿಂದ ಶುರು ಮಾಡಿದಳು. ಅವರಪ್ಪ, ಹಂಪಿ ಈಗ ನಮ್ಮ ಜಿಲ್ಲೆ ಅಲ್ಲ, ಅಳಿಸು ಅಂದರು. ಮಗು ಅಳಿಸಿ ಸುಮ್ಮನೆ ಕೂತಿದೆ. ನಮ್ಮ ಊರಿನ ಬಗ್ಗೆ ಬರೆಸೋಣ ಅಂದರೆ ನನಗೇ ಏನೂ ಗೊತ್ತಿಲ್ಲ. ಏನು ಬರೆಸಲಿ ಹೇಳಿ.”

ಪ್ರಶ್ನೆ ಚಿಕ್ಕದು. ಆದರೆ ಇದು ಒಂದು ಮನೆಯ ಪ್ರಶ್ನೆಯಲ್ಲ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಸೀಮೆಯ ಎಷ್ಟೋ ಅಡುಗೆಮನೆಗಳಲ್ಲಿ ಇದೇ ಮಾತು ನಡೆದಿರಬೇಕು. ಆದ್ದರಿಂದ ಈ ಪಾಕ್ಷಿಕದ ಮಾತೆಲ್ಲ ಅದಕ್ಕೇ ಮೀಸಲು.

ಮೊದಲು ಯಜಮಾನರ ಮಾತನ್ನೇ ತೆಗೆದುಕೊಳ್ಳೋಣ. ಅವರು ಹೇಳಿದ್ದು ಲೆಕ್ಕಕ್ಕೆ ಸರಿ. 2021ರ ಫೆಬ್ರವರಿಯಲ್ಲಿ ಬಳ್ಳಾರಿ ಜಿಲ್ಲೆಯನ್ನು ಒಡೆದು ವಿಜಯನಗರ ಎಂಬ ಹೊಸ ಜಿಲ್ಲೆ ಮಾಡಿದರು. ಅದೇ ವರ್ಷ ಅಕ್ಟೋಬರ್ 2ರಂದು ಅದರ ಉದ್ಘಾಟನೆಯಾಯಿತು. ರಾಜ್ಯದ 31ನೆಯ ಜಿಲ್ಲೆ ಅದು. ಹೊಸಪೇಟೆಯೇ ಅದರ ಕೇಂದ್ರ. ಹೊಸಪೇಟೆ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹೂವಿನ ಹಡಗಲಿ, ಹರಪನಹಳ್ಳಿ ಎಂಬ ಆರು ತಾಲ್ಲೂಕುಗಳು ಅತ್ತ ಹೋದವು. ಕಂಪ್ಲಿ, ಸಂಡೂರು ಬಳ್ಳಾರಿಯಲ್ಲೇ ಉಳಿದವು.

ಆದರೆ ಇಂಥ ಗೆರೆ ಬಿದ್ದದ್ದು ಇದೇ ಮೊದಲೇ? ಈ ಸೀಮೆ 1800ರಲ್ಲಿ ನಿಜಾಮರ ಕೈಯಿಂದ ಇಂಗ್ಲಿಷರ ಕೈಗೆ ಹೋಗಿ ಮದರಾಸಿಗೆ ಸೇರಿತು. ಸಂಡೂರು ಮಾತ್ರ ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನವಾಗಿ 1949ರವರೆಗೂ ಬೇರೆಯೇ ಇತ್ತು. 1953ರಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂತು. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, ಈಗ ವಿಜಯನಗರದಲ್ಲಿದೆ. ಮೂರು ಸಲ ಮನೆ ಬದಲಿಸಿದ ಸೊಸೆಯ ಹಾಗೆ! ಗೆರೆ ಎಳೆಯುವುದು ಕಚೇರಿಯ ಅನುಕೂಲಕ್ಕೆ. ತಾಲ್ಲೂಕು ಬದಲಾದರೆ ಪಹಣಿ ತರುವ ಊರು ಬದಲಾಗುತ್ತದೆಯೇ ಹೊರತು ತವರು ಬದಲಾಗುವುದಿಲ್ಲ.

ಕಂಪ್ಲಿ ಇಲ್ಲದೆ ಹಂಪಿಯಿಲ್ಲ

‘ನಮ್ಮ ಊರಿನಲ್ಲಿ ಏನೂ ಇಲ್ಲ’ ಎನ್ನುವ ಕಂಪ್ಲಿಯ ಸೋದರಿಗೆ ಒಂದು ಮಾತು. ಹಂಪಿಯಲ್ಲಿ ರಾಜಧಾನಿ ಕಟ್ಟುವುದಕ್ಕೆ ಮೂರು ನೂರು ವರ್ಷ ಮೊದಲೇ ನಿಮ್ಮ ಊರಿನ ಹೆಸರು ದೊಡ್ಡದಾಗಿತ್ತು. ಕಲ್ಯಾಣದ ಚಾಲುಕ್ಯರಿಗೆ ಕಂಪಿಲಿಯಲ್ಲಿ ಅರಮನೆಯಿತ್ತು. ಹನ್ನೊಂದನೆಯ ಶತಮಾನದಲ್ಲಿ ಚೋಳರು ಬಂದು ಆ ಅರಮನೆಯನ್ನು ಕೆಡವಿದೆವೆಂದು ತಮ್ಮ ಶಾಸನಗಳಲ್ಲಿ ಹೆಮ್ಮೆಯಿಂದ ಬರೆಸಿಕೊಂಡರು. ಕೆಡವಿದ್ದನ್ನು ಕಲ್ಲಿನಲ್ಲಿ ಬರೆಸಬೇಕಾದರೆ ಅದು ಎಂಥ ಊರಾಗಿರಬೇಕು, ನೀವೇ ಯೋಚಿಸಿ.

ಆಮೇಲೆ ಬಂದವನು ಕಂಪಿಲರಾಯ. ದೆಹಲಿಯ ಮುಹಮ್ಮದ್ ಬಿನ್ ತುಘಲಕ್‌ನ ವಿರುದ್ಧ ದಂಗೆಯೆದ್ದ ಅವನ ಬಂಧುವೊಬ್ಬ ಓಡಿ ಬಂದು ಕಂಪಿಲರಾಯನ ಮೊರೆ ಹೊಕ್ಕ. ಮೊರೆ ಹೊಕ್ಕವನನ್ನು ಹಿಡಿದು ಕೊಡಲು ಕಂಪಿಲರಾಯ ಒಪ್ಪಲಿಲ್ಲ. ದೆಹಲಿಯ ದಂಡು ಬಂತು. 1327ರಲ್ಲಿ ಕಂಪಿಲ ರಾಜ್ಯ ಬಿತ್ತು. ಕೋಟೆ ಉಳಿಯುವುದಿಲ್ಲ ಎಂದು ಗೊತ್ತಾದಾಗ ಅರಮನೆಯ ಹೆಂಗಸರು ಕೊಂಡ ಉರಿಸಿ ಅದಕ್ಕೆ ಹಾರಿದರೆಂದು ಆ ಕಾಲದ ಯಾತ್ರಿಕ ಇಬ್ನ್ ಬತೂತ ಬರೆದಿಟ್ಟಿದ್ದಾನೆ. ಓದುವಾಗ ಎದೆ ಝಲ್ಲೆನ್ನುತ್ತದೆ. ಗಂಡಸರ ಮಾತಿನ ಬೆಲೆಯನ್ನು ಯಾರು ಯಾರು ತೆತ್ತರು ನೋಡಿ!

ವಿಜಯನಗರ ಕಟ್ಟಿದ ಹರಿಹರ, ಬುಕ್ಕರು ಇದೇ ಕಂಪಿಲರಾಯನ ಬಳಿ ಕೆಲಸಕ್ಕಿದ್ದರೆಂದು ಒಂದು ಐತಿಹ್ಯವಿದೆ. ಕಂಪಿಲಿ ಸುಟ್ಟ ಒಂಬತ್ತು ವರ್ಷಕ್ಕೆ, 1336ರಲ್ಲಿ, ನದಿಯ ಮೇಲ್ಗಡೆ ಹಂಪಿಯಲ್ಲಿ ಹೊಸ ರಾಜ್ಯ ಎದ್ದಿತು. ಕಂಪ್ಲಿ ಮೊದಲನೆಯ ಅಧ್ಯಾಯ, ಹಂಪಿ ಎರಡನೆಯದು. ಮೊದಲ ಅಧ್ಯಾಯ ಹರಿದು ಹಾಕಿ ಪುಸ್ತಕ ಓದಿದರೆ ಆಗುತ್ತದೆಯೇ?

ಕಂಪಿಲರಾಯನ ಮಗ ಕುಮಾರರಾಮನ ಕಥೆ ನಿಮ್ಮ ಅಜ್ಜಿಯರಿಗೆ ಗೊತ್ತಿತ್ತು. ರಾಮ ಆಡುತ್ತಿದ್ದ ಚೆಂಡು ಕಿರಿಯ ರಾಣಿ ರತ್ನಾಜಿಯ ಅರಮನೆಗೆ ಬೀಳುತ್ತದೆ. ಅವಳು ಅವನನ್ನು ಬಯಸುತ್ತಾಳೆ, ಅವನು ತಾಯಿ ಎನ್ನುತ್ತಾನೆ, ಅವಳು ತಿರುಗಿ ಅವನ ಮೇಲೇ ಅಪವಾದ ಹೊರಿಸುತ್ತಾಳೆ. ರಾಜ ತಲೆ ತೆಗೆಯಲು ಹೇಳಿದಾಗ ಮಂತ್ರಿ ಬೈಚಪ್ಪ ಅವನನ್ನು ಬಚ್ಚಿಟ್ಟು ಕಾಯುತ್ತಾನೆ. ಕಡೆಗೆ ದೆಹಲಿಯಿಂದ ದಂಡು ತಂದವಳು ಮಾತಂಗಿ ಎಂಬ ಹೆಣ್ಣು! ಹಾಡಿನಲ್ಲಿ ರಾಮ ಸಾಯುವುದು ಅವಳ ಕೈಯಲ್ಲಿ.

ಈ ಕಥೆಯನ್ನು ನಮ್ಮ ಕಾಲದವರೆಗೆ ತಂದುಕೊಟ್ಟವರಲ್ಲಿ ಒಬ್ಬಾಕೆ ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮ. ಬುರ್ರಕಥೆಯ ಈರಮ್ಮ ಎಂದರೆ ಊರೂರಿಗೆ ಗೊತ್ತು. ಅಕ್ಷರ ಕಲಿತವರಲ್ಲ. ಆದರೂ ರಾತ್ರಿಗಟ್ಟಲೆ ಹಾಡುವಂಥ ದೊಡ್ಡ ದೊಡ್ಡ ಕಥೆಗಳು ಅವರ ನಾಲಗೆಯ ಮೇಲಿದ್ದವು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. 2014ರಲ್ಲಿ ತೀರಿಕೊಂಡರು. ಚೋಳರು ಶಾಸನ ಕಡೆದರು, ನಮ್ಮ ಈರಮ್ಮ ನೆನಪಿನಲ್ಲಿಟ್ಟುಕೊಂಡರು. ಯಾವುದು ಹೆಚ್ಚು ಎಂದು ನಾನು ಹೇಳಲಾರೆ.

ಹಂಪಿಗೆ ಹೋದರೆ ನಾವು ನೋಡಬೇಕಾದದ್ದು

ಹಂಪಿಯ ಬಗ್ಗೆ ಪುಸ್ತಕಗಳಿಗೆ ಬರವಿಲ್ಲ. ವಿರೂಪಾಕ್ಷನ ಮೂಡಣ ಗೋಪುರ ಸುಮಾರು 50 ಮೀಟರ್ ಎತ್ತರ. ಅದರ ತಲೆಕೆಳಗಾದ ನೆರಳು ಕತ್ತಲೆ ಕೋಣೆಯ ಗೋಡೆಯ ಮೇಲೆ ಬೀಳುವುದನ್ನು ಮಕ್ಕಳಿಗೆ ತಪ್ಪದೆ ತೋರಿಸಿ. ವಿಜಯ ವಿಠಲನ ಗುಡಿಯ ಕಲ್ಲಿನ ತೇರು 50 ರೂಪಾಯಿ ನೋಟಿನ ಮೇಲೆ ನಿತ್ಯ ನಮ್ಮ ಕೈಯಲ್ಲೇ ಇರುತ್ತದೆ. ಹಜಾರರಾಮನ ಗುಡಿಯ ಗೋಡೆಯ ಮೇಲೆ ರಾಮಾಯಣವೆಲ್ಲ ಸಾಲುಸಾಲಾಗಿದೆ. ಓದು ಬಾರದ ಅಜ್ಜಿಯೂ ಬೆರಳಿಟ್ಟು ಕಥೆ ಹೇಳಬಹುದು. ಇವೆಲ್ಲ ಗೈಡುಗಳು ತೋರಿಸುವಂಥವು. ಅವರು ಅವಸರದಲ್ಲಿ ಬಿಟ್ಟು ಹೋಗುವ ಕೆಲವನ್ನು ನಾನು ಹೇಳುತ್ತೇನೆ.

ಹಂಪಿ ಎಂಬ ಹೆಸರೇ ಒಬ್ಬ ಹೆಣ್ಣುಮಗಳದು. ಪಂಪಾ ಎಂಬುದು ಹಂಪೆಯಾಯಿತು. ಶಿವನಿಗಾಗಿ ತಪಸ್ಸು ಮಾಡಿ ಅವನನ್ನು ಮದುವೆಯಾದ ಪಂಪಾದೇವಿ ಈ ಊರಿನ ಮಗಳು. ಇಂದಿಗೂ ಅಲ್ಲಿ ಮಾರ್ಗಶಿರದಲ್ಲಿ ನಿಶ್ಚಿತಾರ್ಥದ ಫಲಪೂಜೆ, ಚೈತ್ರದಲ್ಲಿ ಮದುವೆ, ತೇರು. ಅರಸರು ಹೋದರು, ಅರಮನೆ ಬಿತ್ತು, ಮಗಳ ಮದುವೆ ಮಾತ್ರ ವರ್ಷ ವರ್ಷ ನಡೆದುಕೊಂಡು ಬಂದಿದೆ.

ಉಗ್ರನರಸಿಂಹ ಎಂದು ಜನ ಕರೆಯುವ ದೊಡ್ಡ ಮೂರ್ತಿಯನ್ನು ಕೃಷ್ಣದೇವರಾಯ 1528ರಲ್ಲಿ ಮಾಡಿಸಿದ. ಒಂದೇ ಬಂಡೆಯಲ್ಲಿ ಕಡೆದದ್ದು, 6.7 ಮೀಟರ್ ಎತ್ತರ. ನಿಜವಾಗಿ ಅದು ಲಕ್ಷ್ಮೀನರಸಿಂಹ. ತೊಡೆಯ ಮೇಲಿದ್ದ ಲಕ್ಷ್ಮಿ ಒಡೆದು ಹೋಗಿದ್ದಾಳೆ. ಆದರೆ ಬದಿಗೆ ಹೋಗಿ ಬಗ್ಗಿ ನೋಡಿ, ಅವನ ಬೆನ್ನನ್ನು ಬಳಸಿದ ಅವಳ ಕೈ ಮಾತ್ರ ಇನ್ನೂ ಉಳಿದಿದೆ. ನೂರು ಜನ ಮುಂದಿನಿಂದ ಫೋಟೋ ಹಿಡಿದು ಹೋಗುತ್ತಾರೆ, ಆ ಕೈ ನೋಡುವವರು ಹತ್ತು ಜನ.

ಪಕ್ಕದಲ್ಲೇ ಬಡವಿಲಿಂಗ. ಒಬ್ಬ ಬಡ ಹೆಂಗಸು ಮಾಡಿಸಿದ್ದೆಂದು ಜನ ಹೇಳುತ್ತಾರೆ. ಅರಸನ ಮೂರ್ತಿಯ ಮಗ್ಗುಲಲ್ಲಿ ಬಡವಿಯ ಲಿಂಗ, ಕಾಲುವೆಯ ನೀರಿನಲ್ಲಿ ತಣ್ಣಗೆ ನಿಂತಿದೆ.

ಮಹಾನವಮಿ ದಿಬ್ಬದ ಸುತ್ತಲಿನ ಪಟ್ಟಿಕೆಗಳಲ್ಲಿ ಕುಣಿಯುವ, ಕೋಲಾಟವಾಡುವ, ಬೇಟೆಯಾಡುವ ಹೆಣ್ಣುಗಳಿದ್ದಾರೆ. ನೂನಿಜ್ ಎಂಬ ಪೋರ್ಚುಗೀಸ್ ವ್ಯಾಪಾರಿ ಹದಿನಾರನೆಯ ಶತಮಾನದಲ್ಲಿ ಇಲ್ಲಿದ್ದು ಬರೆದಿದ್ದಾನೆ: ಅರಮನೆಯ ಒಳಗಿನ ಖರ್ಚು ವೆಚ್ಚವನ್ನೆಲ್ಲ ಬರೆದಿಡುವವರು ಹೆಂಗಸರು, ಕುಸ್ತಿಯಾಡುವ ಹೆಂಗಸರೂ ಇದ್ದಾರೆ, ಕಾವಲಿನವರೂ ಇದ್ದಾರೆ ಎಂದು. ದಿನಸಿ ಲೆಕ್ಕ ಬರೆಯುವುದು ಸಣ್ಣ ಕೆಲಸ ಎಂದು ಯಾರಾದರೂ ಅಂದರೆ ಈ ಮಾತು ನೆನಪಿಸಿ. ಬುಕ್ಕರಾಯನ ಸೊಸೆ ಗಂಗಾದೇವಿ ಗಂಡ ಕಂಪಣನ ಮಧುರೆಯ ಗೆಲುವನ್ನು ಸಂಸ್ಕೃತದಲ್ಲಿ ಕಾವ್ಯವಾಗಿ ಬರೆದಳು. ಮಧುರಾವಿಜಯ ಎಂದು ಅದರ ಹೆಸರು.

ಇನ್ನು, ಕಮಲಾಪುರದ ದಾರಿಯ ಅಕ್ಕತಂಗಿಯರ ಬಂಡೆ ನೋಡಿ ನಗದೆ ಬರಬೇಡಿ. ಹಂಪಿ ನೋಡಲು ಬಂದ ಅಕ್ಕ ತಂಗಿಯರು ಹೊಟ್ಟೆಕಿಚ್ಚಿನಿಂದ ಊರನ್ನು ಹಳಿದರಂತೆ, ಅಲ್ಲೇ ಕಲ್ಲಾದರಂತೆ! ಬಂದ ಮನೆಯ ಅಡುಗೆಗೆ ಹೆಸರಿಡುವವರಿಗೆ ಇದೊಂದು ಎಚ್ಚರಿಕೆ.

1565ರ ಜನವರಿಯ ರಕ್ಕಸತಂಗಡಿ ಯುದ್ಧದಲ್ಲಿ ಸೋತ ಮೇಲೆ ಈ ಊರು ಹಾಳಾಯಿತು. 1986ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆನೆಗೊಂದಿಗೆ ಸೇತುವೆ ಕಟ್ಟಲು ಹೊರಟಾಗ 1999ರಲ್ಲಿ ‘ಅಪಾಯದಲ್ಲಿರುವ’ ಪಟ್ಟಿಗೆ ಇಳಿಯಿತು, 2006ರಲ್ಲಿ ಹೊರಬಂತು. ಕಟ್ಟುತ್ತಿದ್ದ ಆ ಸೇತುವೆ 2009ರಲ್ಲಿ ಕುಸಿದು ಕೂಲಿಗೆ ಬಂದವರು ಸತ್ತರು. 2011ರಲ್ಲಿ ಹಂಪಿ ಬಜಾರಿನ ಸಾಲುಮಂಟಪಗಳಲ್ಲಿ ಮನೆ, ಅಂಗಡಿ ಮಾಡಿಕೊಂಡಿದ್ದ ಸಂಸಾರಗಳನ್ನು ಎಬ್ಬಿಸಿದರು. ಮಂಟಪ ಉಳಿಯಬೇಕು ನಿಜ. ಒಲೆ ಹೂಡಿ ಮಕ್ಕಳನ್ನು ಸಾಕಿದ ಜಾಗ ಒಂದೇ ದಿನದಲ್ಲಿ ನೆಲಸಮವಾದಾಗ ಆ ಹೆಂಗಸರಿಗೆ ಹೇಗಾಗಿರಬೇಕು ಎಂಬುದೂ ನಿಜ. ಎರಡನ್ನೂ ಒಟ್ಟಿಗೆ ನೆನೆಯಬೇಕು.

ಹೊಸಪೇಟೆ ಯಾರ ಪೇಟೆ?

ಹೊಸಪೇಟೆಗೆ ಇನ್ನೊಂದು ಹೆಸರಿತ್ತು, ಗೊತ್ತೇ? ನಾಗಲಾಪುರ. ಕೃಷ್ಣದೇವರಾಯ ಹದಿನಾರನೆಯ ಶತಮಾನದ ಮೊದಲಲ್ಲಿ ಕಟ್ಟಿಸಿದ ಊರು. ಅವನ ತಾಯಿಯ ಹೆಸರು ನಾಗಲಾದೇವಿ, ಅವಳ ನೆನಪಿಗೆ ಎಂದು ಕೆಲವರು ಹೇಳುತ್ತಾರೆ. ಅಲ್ಲ, ಪ್ರೀತಿಸಿ ಕೈಹಿಡಿದ ಹೆಂಡತಿಗಾಗಿ ಎಂದು ಕೆಲವರು. ಪೋರ್ಚುಗೀಸರು ಬರೆದಿರುವುದು ಹೆಂಡತಿಯೆಂದೇ. ತಾಯಿಯೋ ಹೆಂಡತಿಯೋ, ಊರಂತೂ ಹೆಣ್ಣಿನ ಹೆಸರಿನದು. ಜನರ ಬಾಯಲ್ಲಿ ಉಳಿದದ್ದು ಮಾತ್ರ ‘ಹೊಸ ಪೇಟೆ’. ಐನೂರು ವರ್ಷವಾದರೂ ಹೊಸದೇ! ಹತ್ತಿರದ ಅನಂತಶಯನಗುಡಿಯನ್ನು ಕೃಷ್ಣದೇವರಾಯ 1524ರಲ್ಲಿ ಮಗ ತಿರುಮಲನ ಹೆಸರಿನ ಊರಿನಲ್ಲಿ ಕಟ್ಟಿಸಿದ. ಅದರ ಕಮಾನಿನ ದೊಡ್ಡ ಗೋಪುರ ಹಂಪಿಯ ಯಾವ ಗುಡಿಗೂ ಇಲ್ಲ. ದಾರಿಯ ಬದಿಯಲ್ಲೇ ಇದ್ದರೂ ಬಸ್ಸಿನಿಂದ ಇಳಿಯುವವರು ಕಡಿಮೆ.

ಹೊಸಪೇಟೆಯ ನಿಜವಾದ ಸ್ಮಾರಕ ಕಲ್ಲಲ್ಲ, ನೀರು. ರಾಯ ಕಾಲುವೆ, ಬಸವಣ್ಣ ಕಾಲುವೆ, ಹಂಪಿಯ ತುರ್ತು ಕಾಲುವೆ ಎಲ್ಲ ವಿಜಯನಗರದ ಅರಸರ ಕಾಲದವು. ಅವು ಇಂದಿಗೂ ಬಾಳೆ, ಕಬ್ಬು, ಬತ್ತಕ್ಕೆ ನೀರುಣಿಸುತ್ತಿವೆ. ಅರಮನೆಯ ಮರದ ಕಂಬಗಳು ಸುಟ್ಟು ಹೋದವು, ಈ ಕಾಲುವೆ ಬತ್ತಲಿಲ್ಲ. ಏಕೆ? ಅದು ದಿನಾ ಬೇಕಾದದ್ದು. ದಿನಾ ಬಳಸುವ ಪಾತ್ರೆಗೆ ಕಿಲುಬು ಹಿಡಿಯುವುದಿಲ್ಲ, ಅಲ್ಲವೇ?

ಊರಿನ ಮಗ್ಗುಲಲ್ಲಿ ತುಂಗಭದ್ರಾ ಅಣೆಕಟ್ಟು. 1945ರಲ್ಲಿ ಮದರಾಸು ಮತ್ತು ಹೈದರಾಬಾದು ಸರಕಾರಗಳು ಸೇರಿ ಶುರು ಮಾಡಿದ್ದು. 1953ರಲ್ಲಿ ನೀರು ಬಿಟ್ಟರು. 33 ಗೇಟುಗಳು, ಸುಮಾರು ಎರಡೂವರೆ ಕಿಲೋಮೀಟರ್ ಉದ್ದ. 133 ಟಿ.ಎಂ.ಸಿ. ನೀರು ನಿಲ್ಲಬೇಕಾದಲ್ಲಿ ಹೂಳು ತುಂಬಿ ಈಗ ಸುಮಾರು 105 ಮಾತ್ರ ನಿಲ್ಲುತ್ತದೆ. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟು ಚೈನು ತುಂಡಾಗಿ ಕೊಚ್ಚಿ ಹೋಯಿತು. ಒಂದು ವಾರ ಕೆಳಗಿನ ಊರುಗಳವರು ಜೀವ ಕೈಯಲ್ಲಿ ಹಿಡಿದಿದ್ದರು. ಹರಿಯುವ ನೀರಿನಲ್ಲೇ ಹಲಗೆಗಳನ್ನು ಇಳಿಸಿ ತಡೆದರು. ಅಣೆಕಟ್ಟೂ ಪರಂಪರೆಯೇ. ಎಪ್ಪತ್ತು ವರ್ಷದ ಚೈನನ್ನೂ ಸಾವಿರ ವರ್ಷದ ಕಂಬದಷ್ಟೇ ಕಾಳಜಿಯಿಂದ ನೋಡಬೇಕು.

ಈ ನೀರಿನ ಕೆಳಗೆ ಮುಳುಗಿದ ಊರುಗಳಲ್ಲಿ ನಾರಾಯಣದೇವರಕೆರೆ ಒಂದು. ಅಲ್ಲಿಯವರು ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಆ ಮರಿಯಮ್ಮನಹಳ್ಳಿ ಇಂದು ನಾಟಕದವರ ಊರು, ಜೋಗತಿ ಕುಣಿತದ ಊರು. ಹುಟ್ಟಿದ ಮನೆಯಿಂದ ಹೊರಬಿದ್ದು, ಬೇಡಿ ಬದುಕಿ, ತಲೆಯ ಮೇಲೆ ಕೊಡ ಹೊತ್ತು ಕುಣಿದ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆಯುವಾಗ ಸೆರಗಿನಿಂದ ರಾಷ್ಟ್ರಪತಿಗೆ ದೃಷ್ಟಿ ತೆಗೆದದ್ದನ್ನು ದೇಶವೆಲ್ಲ ನೋಡಿತು.

ಸಂಡೂರಿನ ಸೂಜಿ, ಸಂಡೂರಿನ ಬಾಗಿಲು

ಹೊಸಪೇಟೆಯಿಂದ ಸಂಡೂರಿಗೆ ಹೋಗುವ ದಾರಿಯಲ್ಲಿ ಮಳೆಗಾಲದಲ್ಲಿ ಒಮ್ಮೆ ಹೋಗಿ. ಬಳ್ಳಾರಿ ಎಂದರೆ ಬಿಸಿಲು ಎನ್ನುವವರ ಬಾಯಿ ಕಟ್ಟುತ್ತದೆ, ಅಷ್ಟು ಹಸಿರು. ಆ ಗುಡ್ಡಗಳ ಹೊಟ್ಟೆಯಲ್ಲಿ ಕಬ್ಬಿಣದ ಅದಿರು. ಅದಿರಿನ ಆಸೆಗೆ ಗುಡ್ಡ ಗುಡ್ಡವೇ ಕರಗಿ, ಲಾರಿಗಳ ಕೆಂಧೂಳು ಒಣಗಲು ಹಾಕಿದ ಬಟ್ಟೆಯ ಮೇಲೆ, ಮುಚ್ಚಿಟ್ಟ ಅನ್ನದ ಮೇಲೆ ಕೂತ ಕಾಲವನ್ನು ಅಲ್ಲಿನ ಗೃಹಿಣಿಯರು ಮರೆತಿಲ್ಲ. 2011ರಲ್ಲಿ ಲೋಕಾಯುಕ್ತ ವರದಿ ಬಂದು, ಸುಪ್ರೀಂ ಕೋರ್ಟು ಗಣಿಗಾರಿಕೆ ನಿಲ್ಲಿಸಿದ್ದರಿಂದ ಅಳಿದುಳಿದದ್ದು ಉಳಿಯಿತು. ಆಮೇಲೆ ಮಿತಿ ಹಾಕಿ ಮತ್ತೆ ಬಿಟ್ಟರು.

ಗುಡ್ಡದ ಮೇಲೆ ಸಾವಿರ ವರ್ಷಕ್ಕೂ ಹಳೆಯ ಪಾರ್ವತಿ, ಕುಮಾರಸ್ವಾಮಿ ಗುಡಿಗಳಿವೆ. 1932ರಲ್ಲಿ ಸಂಡೂರಿನ ರಾಜರು ಈ ಗುಡಿಯನ್ನು ಹರಿಜನರಿಗೆ ತೆರೆದರು. ತಿರುವಾಂಕೂರಿನ ಪ್ರಸಿದ್ಧ ಘೋಷಣೆಗೆ ನಾಲ್ಕು ವರ್ಷ ಮೊದಲು! ಗಾಂಧೀಜಿ ಮೆಚ್ಚಿಕೊಂಡರು, 1934ರಲ್ಲಿ ತಾವೇ ಸಂಡೂರಿಗೆ ಬಂದರು. ಅಂಥ ಗುಡಿಯಲ್ಲೂ ಕುಮಾರಸ್ವಾಮಿಯ ಬಳಿಗೆ ಹೆಂಗಸರು ಹೋಗಬಾರದೆಂಬ ಕಟ್ಟಳೆ ಬಹುಕಾಲದಿಂದ ನಡೆದು ಬಂದಿದೆ. ತಾಯಿಯ ಮೇಲೆ ಮುನಿದು ಬೆಟ್ಟ ಸೇರಿದ ಮಗ ಎಂದು ಸ್ಥಳಪುರಾಣ. ನಂಬಿಕೆಯನ್ನು ನಾನು ಹಳಿಯುವುದಿಲ್ಲ. ಆದರೆ ಒಂದು ಬಾಗಿಲು ತೆರೆದರೆ ಆಕಾಶ ಕಳಚಿ ಬೀಳುವುದಿಲ್ಲ ಎಂದು 1932ರಲ್ಲೇ ತೋರಿಸಿದ ಊರು ಅದು. ಪಾರ್ವತಿಯ ಗುಡಿ ಪಕ್ಕದಲ್ಲೇ ಇದೆ. ತಾಯಿಯ ಮುಂದೆ ನಿಂತು ಈ ಮಾತನ್ನು ಯೋಚಿಸಬಹುದು.

ಸಂಡೂರಿನ ಲಂಬಾಣಿ ತಾಂಡಾಗಳ ಹೆಂಗಸರ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಕಿಲನ್, ವೇಲೆ, ಮಾಕಿ, ನಾಕ್ರ ಎಂದೆಲ್ಲ ಹದಿನಾಲ್ಕು ಬಗೆಯ ಹೊಲಿಗೆ. ಕನ್ನಡಿ, ಕವಡೆ, ನಾಣ್ಯ ಸೇರಿಸಿ ಹೊಲಿಯುತ್ತಾರೆ. ತಾಯಿ ಹೊಲಿಯುವಾಗ ಪಕ್ಕದಲ್ಲಿ ಕೂತು ಮಗಳು ಕಲಿತದ್ದು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಹೊಲಿದ 1,755 ತುಣುಕುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಆ ಕುಪ್ಪಸದ ತುಂಡನ್ನು ಕೊಳ್ಳುವಾಗ ದಯವಿಟ್ಟು ಚೌಕಾಶಿ ಮಾಡಬೇಡಿ. ಒಂದು ಅಂಗೈಯಗಲದ ಹೊಲಿಗೆಗೆ ಕಣ್ಣು ಎಷ್ಟು ನೋಯುತ್ತದೆಂದು ಸೂಜಿ ಹಿಡಿದ ನಮಗೆ ಗೊತ್ತಿಲ್ಲವೇ?

ಹೋಗುವವರಿಗೆ ನಾಲ್ಕು ಮಾತು

1. ಹೊಸಪೇಟೆಯಲ್ಲಿ ತಂಗಿ. ಹಂಪಿ 13 ಕಿಲೋಮೀಟರ್, ಬಸ್ಸುಗಳಿವೆ. ಸಂಡೂರು ಒಂದು ಕಡೆ, ಕಂಪ್ಲಿ ಇನ್ನೊಂದು ಕಡೆ, ಎರಡೂ ಹೆಚ್ಚು ಕಡಿಮೆ 30 ಕಿಲೋಮೀಟರ್. ಮೂರು ದಿನ ಇಟ್ಟುಕೊಂಡರೆ ಧಾವಂತವಿಲ್ಲ. ಕಾರ್ತಿಕದಿಂದ ಮಾಘದವರೆಗೆ ಹವೆ ಹಿತ. ಬೇಸಿಗೆಯಲ್ಲಿ ಬಂಡೆ ಕಾದು ಕಾಲು ಸುಡುತ್ತದೆ.

2. ಬೆಳಗಿನ ತಿಂಡಿಗೆ ಅಲ್ಲಿನ ಮಂಡಾಳು ವಗ್ಗರಣಿ, ಮಿರ್ಚಿ ತಪ್ಪಿಸಬೇಡಿ. ಮನೆಯಲ್ಲಿ ಮಾಡುವುದಾದರೆ ಮಂಡಕ್ಕಿಯನ್ನು ನೀರಿನಲ್ಲಿ ಅದ್ದಿ ತಕ್ಷಣ ಹಿಂಡಿ ತೆಗೆಯಿರಿ. ಸಾಸಿವೆ, ಶೇಂಗಾ, ಈರುಳ್ಳಿ, ಹಸಿಮೆಣಸು, ಅರಿಶಿನದ ಒಗ್ಗರಣೆಯಲ್ಲಿ ಕಲಸಿ, ಕಡೆಗೆ ಪುಠಾಣಿ ಪುಡಿ ಉದುರಿಸಿ ನಿಂಬೆ ಹಿಂಡಿ. ಮಧ್ಯಾಹ್ನಕ್ಕೆ ಕಟ್ಟಿಕೊಳ್ಳಲು ಮಾತ್ರ ಇದು ಬೇಡ, ಮೆತ್ತಗಾಗುತ್ತದೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಇರಲಿ.

3. ಕಲ್ಲಿನ ಕಂಬಗಳನ್ನು ಬಡಿದು ನಾದ ಕೇಳುವ ಆಸೆ ಬೇಡ. ಮೂರ್ತಿಗಳಿಗೆ ಕುಂಕುಮ, ಎಣ್ಣೆ ಹಚ್ಚಬೇಡಿ. ಪೂಜೆ ನಡೆಯುವ ವಿರೂಪಾಕ್ಷನಿದ್ದಾನೆ, ಅಲ್ಲಿ ಅರ್ಪಿಸಿ. 2019ರಲ್ಲಿ ತಮಾಷೆಗೆ ಕಂಬ ಉರುಳಿಸಿದ ಹುಡುಗರಿಂದಲೇ ನ್ಯಾಯಾಲಯ ಅದನ್ನು ಎತ್ತಿ ನಿಲ್ಲಿಸಿತು, ತಲಾ 70,000 ರೂಪಾಯಿ ದಂಡವನ್ನೂ ಹಾಕಿತು. 2024ರ ಮೇ ತಿಂಗಳ ಮಳೆಗೆ ಬಜಾರಿನ ಸಾಲುಮಂಟಪದ ಒಂದು ಭಾಗ ತಾನಾಗಿಯೇ ಬಿತ್ತು. ಮಳೆಯೇ ಸಾಕು, ನಮ್ಮ ಮಕ್ಕಳ ಕೈ ಅದಕ್ಕೆ ಸೇರುವುದು ಬೇಡ.

4. ಮನೆಯಲ್ಲಿ ಅಜ್ಜಿ, ಅತ್ತೆ, ದೊಡ್ಡಮ್ಮ ಇದ್ದರೆ ಅವರಿಗೆ ಗೊತ್ತಿರುವ ಹಾಡು, ಊರಿನ ಕಥೆ, ಮುಳುಗಿದ ಹಳ್ಳಿಯ ನೆನಪು ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿ. ಮಕ್ಕಳಿಂದ ಬರೆಸಿದರೆ ಇನ್ನೂ ಒಳ್ಳೆಯದು. ಕಲ್ಲನ್ನು ಕಾಯಲು ಸರಕಾರದ ಇಲಾಖೆಯಿದೆ, ಅಜ್ಜಿಯ ಮಾತನ್ನು ಕಾಯಲು ನಾವೇ.

ಪ್ರಬಂಧದ ಮಾತಿಗೆ ಬಂದರೆ, ಮಗು ಕಂಪ್ಲಿಯಿಂದ ಶುರು ಮಾಡಲಿ. ಕಂಪಿಲರಾಯ, ಕೊಂಡ ಹಾರಿದ ಹೆಂಗಸರು, ಕುಮಾರರಾಮ, ಈರಮ್ಮನ ಹಾಡು, ಸಂಡೂರಿನ ಗುಡಿ ಮತ್ತು ಕಸೂತಿ ಇಷ್ಟು ಬರೆದರೆ ನಿಮ್ಮ ಜಿಲ್ಲೆಯ ಪ್ರಬಂಧ ತುಂಬಿತು. ಕಡೆಯಲ್ಲಿ ಒಂದು ಸಾಲು, ‘ಇಲ್ಲಿ ಆರಿದ ದೀಪದಿಂದಲೇ ಪಕ್ಕದ ಜಿಲ್ಲೆಯ ಹಂಪಿಯಲ್ಲಿ ದೀಪ ಹತ್ತಿತು’ ಎಂದು ಸೇರಿಸಲಿ. ಯಜಮಾನರ ಲೆಕ್ಕವೂ ಸರಿಹೋಗುತ್ತದೆ, ಮಗುವಿನ ಹಂಪಿಯೂ ಉಳಿಯುತ್ತದೆ.

ಮುಂದಿನ ಸಂಚಿಕೆಯಲ್ಲಿ ಹೂವಿನ ಹಡಗಲಿಯ ಮಲ್ಲಿಗೆ, ಮೈಲಾರದ ಕಾರಣಿಕ, ಕುರುವತ್ತಿಯ ಗುಡಿ, ಬಾಗಳಿಯ ಕಲ್ಲೇಶ್ವರ. ಆ ಸೀಮೆಯ ಸೋದರಿಯರು ತಮ್ಮ ಊರಿನ ಕಥೆಯಿದ್ದರೆ ಬರೆದು ಕಳಿಸಿ. ‘ನಮ್ಮೂರಲ್ಲಿ ಏನೂ ಇಲ್ಲ’ ಎಂಬ ಕಾಗದಗಳಿಗೂ ಸ್ವಾಗತ. ಹುಡುಕಿದರೆ ಸಿಕ್ಕೇ ಸಿಗುತ್ತದೆ.